ಬೀಗ ಬಿಚ್ಚುವ ಗುಟ್ಟು ಬಾಯಿಬಿಟ್ಟು ಹೇಳಬಹುದಾ?

ಮೈಸೂರಿನ ನಮ್ಮ ಬಾಡಿಗೆ ಮನೆಯ ಮುಂಬಾಗಿಲು ಎಳೆದರೆ ಸಾಕು, ತಾನಾಗಿಯೇ ಲಾಕ್ ಆಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹನಿ ಶುರುವಾಯಿತೆಂದು ಬಟ್ಟೆ ತರಲು ಹೊರಗೆ ಓಡಿದೆ. ಗಾಳಿಗೆ ಬಾಗಿಲು ದಡಾರನೆ ಬಿತ್ತು. ಬೀಗದಕೈ ಒಳಗೆ, ನಾನು ಹೊರಗೆ. ಪಕ್ಕದ ಮನೆಯವರು ಬೀಗ ರಿಪೇರಿ ಮಾಡುವವರೊಬ್ಬರನ್ನು ಫೋನ್ ಮಾಡಿ ಕರೆಸಿದರು. ಅವರು ಮೊದಲು ಅಕ್ಕಪಕ್ಕದವರನ್ನು ಕೇಳಿ, ಇದು ನನ್ನದೇ ಮನೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಚೀಲದಿಂದ ಎರಡು ತೆಳ್ಳನೆಯ ಉಕ್ಕಿನ ಕಡ್ಡಿ ತೆಗೆದರು. ಒಂದನ್ನು ಬೀಗದ ಬಾಯಿಗೆ ಕೊಟ್ಟು ಮೆಲ್ಲಗೆ ತಿರುಚಿ ಹಿಡಿದರು. ಇನ್ನೊಂದರಿಂದ ಒಳಗೆ ಏನನ್ನೋ ತಡಕಿದರು. ನಾಲ್ಕು ನಿಮಿಷಕ್ಕೆ ಬಾಗಿಲು ತೆರೆಯಿತು. ಬೀಗದ ಮೇಲೆ ಒಂದು ಗೀರೂ ಇಲ್ಲ.

ನನಗೆ ಸಮಾಧಾನ ಆಗಬೇಕಿತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದೇ ಬೀಗ ನಂಬಿಕೊಂಡು ತಾನೇ ಎರಡು ವರ್ಷದಿಂದ ಊರಿಗೆ ಹೋಗಿ ಬರುತ್ತಿದ್ದದ್ದು?

ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಕಡ್ಡಿ ಹೇಗಿತ್ತು, ಅವರು ಹೇಗೆ ತಿರುಚಿದರು, ಎಷ್ಟು ಹೊತ್ತು ಹಿಡಿಯಿತು. ಭಾವ ತಟ್ಟೆಯಿಂದ ತಲೆಯೆತ್ತಿ, “ಇಂಥದ್ದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಬಾರದಮ್ಮ. ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತೆ” ಎಂದರು. “ಕಳ್ಳರಿಗೆ ಆಗಲೇ ಗೊತ್ತಿರುತ್ತೆ ಭಾವ, ಗೊತ್ತಿಲ್ಲದೆ ಇದ್ದದ್ದು ನಮಗೆ” ಎಂದೆ. ಅಲ್ಲಿಂದ ಶುರುವಾದ ಮಾತು ಸಂಜೆ ಕಾಫಿ ಕುಡಿದರೂ ಮುಗಿಯಲಿಲ್ಲ.

ಭಾವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗುಟ್ಟು ರಟ್ಟಾದ ಮರುದಿನ ಬೀಗ ಬದಲಾಯಿಸಲು ಎಲ್ಲರ ಹತ್ತಿರವೂ ದುಡ್ಡಿರುವುದಿಲ್ಲ. ಆದರೂ ನನ್ನ ನಂಬಿಕೆ ಬೇರೆ. ಬೀಗದ ದೌರ್ಬಲ್ಯವನ್ನು ಮುಚ್ಚಿಟ್ಟರೆ ಕಾಪಾಡಿದ ಹಾಗಾಗುವುದು ಬೀಗ ಮಾರುವವರನ್ನು, ಅದನ್ನು ಬಾಗಿಲಿಗೆ ಹಾಕಿಕೊಂಡವರನ್ನಲ್ಲ. ಹೀಗೆ ಯಾಕೆ ಹೇಳುತ್ತೇನೆ ಎಂದು ತಿಳಿಯಬೇಕಾದರೆ ಮೊದಲು ಬೀಗದ ಒಳಗೆ ಇಣುಕಬೇಕು. ಆಮೇಲೆ 1851ರ ಲಂಡನ್‌ಗೆ ಹೋಗಿಬರಬೇಕು.

ಐದು ಪುಟ್ಟ ಅಗಳಿ

ಈಗಿನ ಎಷ್ಟೋ ಮನೆಗಳ ಬಾಗಿಲಲ್ಲಿ ಇರುವುದು ಪಿನ್ ಬೀಗ. ಹೊರಗೆ ಒಂದು ಗಟ್ಟಿ ಲೋಹದ ಚಿಪ್ಪು. ಅದರೊಳಗೆ ತಿರುಗುವ ಒಂದು ಉರುಳೆ. ನಾವು ಬೀಗದಕೈ ತೂರಿಸುವುದು ಈ ಉರುಳೆಯ ಸೀಳಿಗೆ. ಉರುಳೆ ತಿರುಗಿದರೆ ಬಾಗಿಲು ತೆರೆಯುತ್ತದೆ, ತಿರುಗದಿದ್ದರೆ ಇಲ್ಲ.

ತಿರುಗದಂತೆ ತಡೆಯುವುದು ಪಿನ್ನುಗಳು. ಚಿಪ್ಪಿನಿಂದ ಉರುಳೆಯೊಳಕ್ಕೆ ಸಾಲಾಗಿ ಐದಾರು ತೂತು ಕೊರೆದಿರುತ್ತಾರೆ. ಪ್ರತಿ ತೂತಿನಲ್ಲೂ ಒಂದರ ಮೇಲೊಂದು ಎರಡು ಪುಟ್ಟ ಪಿನ್ನು, ಅವುಗಳ ನೆತ್ತಿಗೆ ಒಂದು ಸ್ಪ್ರಿಂಗ್. ಕೀ ಹಾಕದೆ ಇದ್ದಾಗ ಸ್ಪ್ರಿಂಗ್ ಕೆಳಕ್ಕೆ ಒತ್ತುತ್ತದೆ. ಮೇಲಿನ ಪಿನ್ನು ಸ್ವಲ್ಪ ಚಿಪ್ಪಿನಲ್ಲಿ, ಸ್ವಲ್ಪ ಉರುಳೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಹಳೆಯ ಮನೆಗಳ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಅಗಳಿ ಇದೆಯಲ್ಲ, ಹಾಗೆಯೇ. ಐದು ತೂತಿಗೆ ಐದು ಅಗಳಿ.

ಕೆಳಗಿನ ಪಿನ್ನುಗಳ ಉದ್ದ ಒಂದೊಂದರದು ಒಂದೊಂದು ಥರ. ಬೀಗದಕೈಯ ಹಲ್ಲುಗಳನ್ನು ಅದಕ್ಕೆ ಹೊಂದುವ ಹಾಗೆ ಕಡಿದಿರುತ್ತಾರೆ. ಸರಿಯಾದ ಕೀ ಒಳಗೆ ಹೋದಾಗ ಎರಡು ಪಿನ್ನುಗಳ ನಡುವಿನ ಸಂದು ಐದೂ ತೂತಿನಲ್ಲಿ ಉರುಳೆಯ ಅಂಚಿಗೇ ಬಂದು ನಿಲ್ಲುತ್ತದೆ. ಆಗ ಯಾವ ಅಗಳಿಯೂ ಅಡ್ಡವಿಲ್ಲ. ಒಂದು ಹಲ್ಲು ಚೂರು ಗಿಡ್ಡವಾದರೆ ಮೇಲಿನ ಪಿನ್ನು ಅಡ್ಡ ಬರುತ್ತದೆ. ಚೂರು ಉದ್ದವಾದರೆ ಕೆಳಗಿನದು.

ಈಗ ಒಂದು ಲೆಕ್ಕ ಹಾಕೋಣ. ಬೀಗದಲ್ಲಿ ಐದು ತೂತು, ಪ್ರತಿಯೊಂದಕ್ಕೂ ಆರು ಎತ್ತರ ಸಾಧ್ಯ ಎಂದುಕೊಳ್ಳಿ. ಆರನ್ನು ಐದು ಸಲ ಗುಣಿಸಿದರೆ 7,776. ಅಂದರೆ ಅಷ್ಟು ಬಗೆಯ ಕೀ ಮಾಡಬಹುದು. ಅಷ್ಟನ್ನೂ ಹೊತ್ತು ತಂದು ಒಂದೊಂದಾಗಿ ಹಾಕಿ ನೋಡುವ ಕಳ್ಳ ಇರಲಾರ. ಹಾಗಾದರೆ ನಮ್ಮ ಮನೆ ಬಾಗಿಲು ನಾಲ್ಕೇ ನಿಮಿಷಕ್ಕೆ ಹೇಗೆ ತೆರೆಯಿತು?

ಯಾವ ಕಾರ್ಖಾನೆಯೂ ಐದು ತೂತನ್ನು ಪೂರ್ತಿ ನೇರ ಗೆರೆಯಲ್ಲಿ ಕೊರೆಯಲಾರದು. ಕೂದಲೆಳೆಗಿಂತ ಕಡಿಮೆಯಾದರೂ ಅತ್ತಿತ್ತ ಇದ್ದೇ ಇರುತ್ತದೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುಚಿ ಹಿಡಿದರೆ ಐದೂ ಪಿನ್ನು ಒಟ್ಟಿಗೆ ಬಿಗಿಯುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುತ್ತದೆ. ಕಡ್ಡಿಯಿಂದ ತಡಕಿ ಆ ಒಂದನ್ನು ಹುಡುಕಿ ಮೇಲೆತ್ತಬೇಕು. ಅದರ ಸಂದು ಅಂಚಿಗೆ ಬಂದ ತಕ್ಷಣ ‘ಟಿಕ್’ ಎನ್ನುತ್ತದೆ. ಉರುಳೆ ಒಂದು ಎಳೆಯಷ್ಟು ಸರಿಯುತ್ತದೆ. ಮೇಲಿನ ಪಿನ್ನು ಆ ಅಂಚಿನ ಮೇಲೆ ಕೂತುಬಿಡುತ್ತದೆ, ಮತ್ತೆ ಕೆಳಗೆ ಬೀಳುವುದಿಲ್ಲ. ಈಗ ಇನ್ನೊಂದು ಬಿಗಿಯುತ್ತದೆ. ಅದನ್ನೂ ಎತ್ತು. ಹೀಗೆ ಐದು ‘ಟಿಕ್’.

ಲೆಕ್ಕ ಬುಡಮೇಲಾಗುವುದು ಇಲ್ಲಿಯೇ. ಐದನ್ನೂ ಒಟ್ಟಿಗೆ ಊಹಿಸಬೇಕಿದ್ದಾಗ 7,776 ಸಾಧ್ಯತೆ ಇತ್ತು. ಒಂದೊಂದನ್ನೇ ಬಿಡಿಸಿಕೊಳ್ಳಬಹುದು ಎಂದಾದರೆ ಆರರಂತೆ ಐದು ಸಲ, ಒಟ್ಟು 30 ಸಾಕು. ನಿಮ್ಮ ಎಟಿಎಂ ಕಾರ್ಡಿನ ನಾಲ್ಕಂಕಿಯ ಪಿನ್ ತೆಗೆದುಕೊಳ್ಳಿ. ಅದಕ್ಕೆ 10,000 ಸಾಧ್ಯತೆ. ಆದರೆ ಪ್ರತಿ ಅಂಕಿ ಒತ್ತಿದಾಗಲೂ ಮಷಿನ್ ‘ಇದು ಸರಿ’, ‘ಇದು ತಪ್ಪು’ ಎಂದು ಹೇಳುತ್ತಾ ಹೋದರೆ? ಹತ್ತರಂತೆ ನಾಲ್ಕು, ಬರೀ 40 ಪ್ರಯತ್ನ. ಅದಕ್ಕೇ ಎಟಿಎಂ ನಾಲ್ಕೂ ಅಂಕಿ ಒತ್ತುವ ತನಕ ಸುಮ್ನೆ ಇರುತ್ತದೆ. ತಪ್ಪಾದರೆ ಯಾವ ಅಂಕಿ ತಪ್ಪು ಎಂದು ಹೇಳುವುದೇ ಇಲ್ಲ. ಕೆಲವು ವೆಬ್‌ಸೈಟುಗಳು ‘ಯೂಸರ್ ನೇಮ್ ಅಥವಾ ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಎರಡನ್ನೂ ಸೇರಿಸಿ ಹೇಳುವುದಕ್ಕೂ ಇದೇ ಕಾರಣ. ಪಿನ್ ಬೀಗವೂ ಪೂರ್ತಿ ಸರಿ ಇದ್ದರೆ ಮಾತ್ರ ಬಾಯಿಬಿಡಬೇಕಿತ್ತು. ಆದರೆ ಅದರ ಲೋಹ ಅರ್ಧರ್ಧ ಉತ್ತರವನ್ನು ಬೆರಳಿಗೆ ಹೇಳಿಬಿಡುತ್ತದೆ.

ಕಿಟಕಿಯಲ್ಲಿಟ್ಟ ಸವಾಲು

ಲಂಡನ್‌ನ ಪಿಕಡಿಲಿ ಬೀದಿಯ ಒಂದು ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಒಂದು ಬೀಗ ಇತ್ತು. ಅದನ್ನು ಬಿಚ್ಚುವ ಸಾಧನ ತಯಾರಿಸಿದವರಿಗೆ 200 ಗಿನಿ (ಇಂಗ್ಲೆಂಡಿನ ಹಳೆಯ ನಾಣ್ಯ) ಬಹುಮಾನ ಎಂದು ಬೀಗದ ಮೇಲೆಯೇ ಬರೆದಿತ್ತು. ಅದು ಜೋಸೆಫ್ ಬ್ರಾಮಾ ಅವರ ಅಂಗಡಿ. 1784ರಲ್ಲಿ ಈ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದವರು ಅವರು. ಹೈಡ್ರಾಲಿಕ್ ಪ್ರೆಸ್ ಕಂಡುಹಿಡಿದ ಬ್ರಾಮಾ ಅಂದರೂ ಇವರೇ. ಅವರ ಬೀಗದ ಕೀ ಒಂದು ಪುಟ್ಟ ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಕಚ್ಚುಗಳು. ಒತ್ತಿದಾಗ ಒಳಗಿನ ಪಟ್ಟಿಗಳು ಒಂದೊಂದು ಅಷ್ಟಷ್ಟು ಆಳಕ್ಕೆ ಸರಿಯಬೇಕು. ಸವಾಲಿನ ಬೀಗದಲ್ಲಿ ಅಂಥ ಪಟ್ಟಿ 18. ಬ್ರಾಮಾ 1814ರಲ್ಲಿ ತೀರಿಕೊಂಡರು. ಬೀಗ ಮಾತ್ರ ಕಿಟಕಿಯಲ್ಲೇ ಉಳಿಯಿತು. ಯಾರೂ ಬಿಚ್ಚಿರಲಿಲ್ಲ.

ಇನ್ನೊಂದು ಹೆಸರುವಾಸಿ ಬೀಗ ಚಬ್ ಸಹೋದರರದು. 1817ರಲ್ಲಿ ಪೋರ್ಟ್ಸ್‌ಮತ್ ಬಂದರಿನ ಹಡಗುಕಟ್ಟೆಯಲ್ಲಿ ಕಳ್ಳ ಬೀಗದಕೈ ಬಳಸಿ ಕಳ್ಳತನವಾಯಿತು. ತನ್ನದೇ ಕೀ ಬಿಟ್ಟು ಬೇರೆ ಯಾವುದಕ್ಕೂ ತೆರೆಯದ ಬೀಗ ಬೇಕು ಎಂದು ಸರ್ಕಾರ ಸ್ಪರ್ಧೆ ಇಟ್ಟಿತು. ಅದಕ್ಕೆ ಉತ್ತರವಾಗಿ 1818ರಲ್ಲಿ ಜೆರೆಮಿಯಾ ಚಬ್ ತಂದದ್ದು ‘ಡಿಟೆಕ್ಟರ್’ ಬೀಗ.

ಇದು ಲಿವರ್ ಬೀಗ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಏಳು ಲಿವರ್‌ದು ಕೊಡಿ’ ಎಂದು ಕೇಳುತ್ತೇವಲ್ಲ, ಅದೇ ಜಾತಿ. ಪಿನ್ನುಗಳ ಬದಲು ಒಳಗೆ ಚಪ್ಪಟೆ ತಗಡುಗಳು. ಪ್ರತಿ ತಗಡನ್ನೂ ಕೀ ಅದರದರ ಎತ್ತರಕ್ಕೆ ಎತ್ತಬೇಕು. ಜಾಸ್ತಿಯೂ ಆಗಬಾರದು, ಕಮ್ಮಿಯೂ ಆಗಬಾರದು. ಚಬ್ ಇದಕ್ಕೆ ಒಂದು ಜಾಣತನ ಸೇರಿಸಿದರು. ಯಾರಾದರೂ ತಡಕುವಾಗ ಒಂದು ತಗಡನ್ನು ಮಿತಿಮೀರಿ ಎತ್ತಿದರೆ ಅದು ಒಂದು ಸ್ಪ್ರಿಂಗಿಗೆ ಸಿಕ್ಕಿ ಬೀಗವೇ ಹಿಡಿದುಕೊಳ್ಳುತ್ತದೆ. ಆಮೇಲೆ ಯಜಮಾನ ಬಂದು ತನ್ನ ಕೀ ಹಾಕಿದರೂ ತೆರೆಯುವುದಿಲ್ಲ. ಅವನು ಒಮ್ಮೆ ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಳ್ಳಬೇಕು. ಹಾಗೆ ಮಾಡಬೇಕಾಗಿ ಬಂತು ಎಂದರೆ ಯಾರೋ ಕೈ ಹಾಕಿದ್ದಾರೆ ಎಂದು ಅರ್ಥ.

ಇದನ್ನು ಓದಿದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ನೆನಪಾಯಿತು. ಅಡಿಕೆ ಚೀಲ ತುಂಬಿಟ್ಟ ಕೋಣೆಗೆ ಬೀಗ ಹಾಕಿ, ಬಾಗಿಲ ಸಂದಿಗೆ ಹಿಡಿಕಡ್ಡಿಯ ಒಂದು ಎಳೆ ಸಿಕ್ಕಿಸಿ ಮಲಗುತ್ತಿದ್ದರು. ಬೆಳಿಗ್ಗೆ ಕಡ್ಡಿ ನೆಲದಲ್ಲಿದ್ದರೆ ಬಾಗಿಲು ತೆರೆದಿದ್ದಾರೆ ಎಂದೇ ಲೆಕ್ಕ. ಕಡ್ಡಿ ಕಳ್ಳನನ್ನು ತಡೆಯುವುದಿಲ್ಲ. ಆದರೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಸಿಕ್ಕರೆ ಎಣಿಸಿ ನೋಡಬಹುದು, ಬೀಗ ಬದಲಿಸಬಹುದು, ಮುಂದಿನ ರಾತ್ರಿ ಕಾಯಬಹುದು. ಪಿನ್ ಮೂರು ಸಲ ತಪ್ಪಾಗಿ ಒತ್ತಿದರೆ ಕಾರ್ಡ್ ಬ್ಲಾಕ್ ಆಗುವುದು, ಹೊಸ ಫೋನಿನಿಂದ ಲಾಗಿನ್ ಆದಾಗ ‘ಇದು ನೀವೇನಾ’ ಎಂಬ ಮೆಸೇಜ್ ಬರುವುದು, ಇವೆಲ್ಲ ಆ ಕಡ್ಡಿಯ ಮೊಮ್ಮಕ್ಕಳು. ಇಂಥ ಯೋಚನೆ ಲಂಡನ್‌ನ ಕಾರ್ಖಾನೆಯಲ್ಲೂ ಮಲೆನಾಡಿನ ಅಡಿಕೆ ಮನೆಯಲ್ಲೂ ಹುಟ್ಟಿತಲ್ಲ ಎಂದು ನನಗೆ ಬಹಳ ಖುಷಿಯಾಗುತ್ತದೆ.

ಸರಿ, 1851. ಲಂಡನ್‌ನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ದೊಡ್ಡ ವಸ್ತುಪ್ರದರ್ಶನ ನಡೆಸಿದರು. ಅಮೆರಿಕದ ಒಂದು ಬೀಗದ ಕಂಪನಿಯ ಪರವಾಗಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬಾತ ಬಂದಿದ್ದರು. ಬಾಸ್ಟನ್‌ನಲ್ಲಿ ಹುಟ್ಟಿದವರು, ಆಗ ವಯಸ್ಸು ನಲವತ್ತರ ಹತ್ತಿರ. ನಿಮ್ಮ ಬೀಗಗಳನ್ನು ನಾನು ಬಿಚ್ಚಬಲ್ಲೆ ಎಂದು ಅವರು ಹೇಳಿಕೊಂಡರು. ಜುಲೈ 22ರಂದು ವೆಸ್ಟ್‌ಮಿನ್‌ಸ್ಟರ್‌ನ ಒಂದು ಮನೆಯಲ್ಲಿ, ಸಾಕ್ಷಿಗಳ ಎದುರು, ಕಬ್ಬಿಣದ ಬಾಗಿಲಿಗೆ ಹಾಕಿದ್ದ ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದರು. ಏನೂ ಹಾಳಾಗದ ಹಾಗೆ 7 ನಿಮಿಷದಲ್ಲಿ ಮತ್ತೆ ಹಾಕಿ ತೋರಿಸಿದರು. ಕಳ್ಳನನ್ನು ಪತ್ತೆಹಚ್ಚುವ ಆ ಸ್ಪ್ರಿಂಗ್ ಇತ್ತಲ್ಲ, ಹಾಬ್ಸ್ ಅದನ್ನೇ ತಮ್ಮ ಸಹಾಯಕ್ಕೆ ಬಳಸಿಕೊಂಡರು. ತಗಡು ಜಾಸ್ತಿ ಎತ್ತಿದ್ದೇನೆ ಎಂದು ಅದು ಹೇಳಿಕೊಟ್ಟಿತು. ಯಜಮಾನನಿಗೆ ಮುಟ್ಟಬೇಕಿದ್ದ ಸುದ್ದಿ ಬಿಚ್ಚುವವನಿಗೂ ಮುಟ್ಟಿತು. ಮತ್ತೆ ಅದೇ ಕಥೆ, ಅರ್ಧ ಉತ್ತರ.

ಆಮೇಲೆ ಬ್ರಾಮಾ ಬೀಗ. ತೀರ್ಪು ಕೊಡಲು ಒಂದು ಸಮಿತಿ ಮಾಡಿದರು. ಒಂದು ಕೋಣೆಯಲ್ಲಿ ಬೀಗವನ್ನು ಇಟ್ಟು ಹಾಬ್ಸ್‌ಗೆ ಕಾಲಾವಕಾಶ ಕೊಟ್ಟರು. 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅವರು ಅದನ್ನೂ ತೆರೆದರು. 200 ಗಿನಿ ಅವರ ಕೈ ಸೇರಿತು. ಆ ಬೀಗ ಈಗ ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿದೆ.

51 ಗಂಟೆ ಯಾವ ಕಳ್ಳನಿಗೆ ಸಿಗುತ್ತದೆ?

ಬ್ರಾಮಾ ಕಂಪನಿಯವರು ಸುಮ್ಮನಿರಲಿಲ್ಲ. ಬೀಗಕ್ಕೆ ಸಲಕರಣೆ ಜೋಡಿಸಿಟ್ಟು, ದಿನಗಟ್ಟಲೆ ಕೂತು, ಯಾರ ಭಯವೂ ಇಲ್ಲದೆ ಬಿಚ್ಚಿದ್ದನ್ನು ಬೀಗದ ಸೋಲು ಎನ್ನಬಹುದೇ ಎಂದು ಕೇಳಿದರು. ಇದು ಒಳ್ಳೆಯ ಪ್ರಶ್ನೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಪ್ರಶ್ನೆಯೂ ಇದೇ. ಯಾಕೆಂದರೆ ಬೀಗ ಎಂದರೆ ಏನು ಎಂಬುದನ್ನೇ ಇದು ತಿರುವಿ ಹಾಕುತ್ತದೆ.

ಬೀಗವನ್ನು ನಾವು ‘ತೆರೆಯುತ್ತದೆ, ತೆರೆಯುವುದಿಲ್ಲ’ ಎಂದು ಎರಡೇ ಭಾಗ ಮಾಡಿ ನೋಡುತ್ತೇವೆ. ಕಸುಬು ಬಲ್ಲವರು ಹಾಗೆ ನೋಡುವುದಿಲ್ಲ. ಅವರಿಗೆ ಬೀಗ ಎಂದರೆ ಹೊತ್ತು. ಎಷ್ಟು ಹೊತ್ತು ತಡೆಯುತ್ತದೆ? ಅಮೆರಿಕದಲ್ಲಿ ತಿಜೋರಿಗಳಿಗೆ ಕೊಡುವ ಒಂದು ದರ್ಜೆಯ ಹೆಸರು ಟಿಎಲ್-15, ಇನ್ನೊಂದು ಟಿಎಲ್-30. ಪರಿಣತರು ಉಪಕರಣ ಹಿಡಿದು ಕೂತರೂ 15 ನಿಮಿಷ, 30 ನಿಮಿಷ ತಡೆಯಬೇಕು ಎಂದು ಅದರ ಅರ್ಥ. ಅಷ್ಟರೊಳಗೆ ಕಾವಲುಗಾರ ಬರಬೇಕು. ಹಾಗೆ ನೋಡಿದರೆ 51 ಗಂಟೆ ತಡೆದ ಬ್ರಾಮಾ ಬೀಗ ಸೋತಿಲ್ಲ. 25 ನಿಮಿಷಕ್ಕೆ ತೆರೆದುಕೊಂಡ ಬೀಗದ ಬಗ್ಗೆ ಚಿಂತೆ ಮಾಡಬೇಕಿತ್ತು. ಆದರೆ ಈ ವ್ಯತ್ಯಾಸ ಗೊತ್ತಾದದ್ದು ಯಾವಾಗ? ಒಬ್ಬರು ಎಲ್ಲರ ಎದುರು ಬಿಚ್ಚಿ, ಹೊತ್ತನ್ನು ಅಳೆದು ಹೇಳಿದ ಮೇಲೆ. ಅದಕ್ಕೆ ಮುಂಚೆ ಎರಡೂ ‘ಯಾರೂ ಬಿಚ್ಚಲಾರದ ಬೀಗ’ಗಳೇ ಆಗಿದ್ದವು.

ಆಗಿನ ಲಂಡನ್ನಿನಲ್ಲೂ ನಮ್ಮ ಭಾವನಂಥವರು ಬೇಕಾದಷ್ಟು ಜನ ಇದ್ದರು. ಇದನ್ನೆಲ್ಲ ಬಹಿರಂಗ ಮಾಡಿದರೆ ಕೆಟ್ಟವರಿಗೆ ಪಾಠ ಹೇಳಿದಂತೆ ಎಂದರು. 1853ರಲ್ಲಿ ಬೀಗಗಳ ಬಗ್ಗೆ ಹಾಬ್ಸ್ ಅವರದೇ ಬರಹ ಆಧರಿಸಿದ ಒಂದು ಪುಸ್ತಕ ಬಂತು. ಅದು ಕೊಟ್ಟ ಉತ್ತರದ ಸಾರ ಇಷ್ಟು: ಕಳ್ಳರಿಗೆ ಅವರ ಕಸುಬು ನಮಗಿಂತ ಚೆನ್ನಾಗಿ ಗೊತ್ತು. ಬೀಗ ಕೊಳ್ಳುವವರಿಗೆ ನಿಜ ತಿಳಿಯಬೇಕು.

ಮುಂದೆ ಹಾಬ್ಸ್ ಲಂಡನ್‌ನಲ್ಲೇ ಬೀಗದ ಕಾರ್ಖಾನೆ ಹಾಕಿದರು. ಅವರು ಅಮೆರಿಕದಿಂದ ತಂದಿದ್ದ ಬೀಗ ಇತ್ತಲ್ಲ, ಅದೂ ಉಳಿಯಲಿಲ್ಲ. ಅದನ್ನು ಬಿಚ್ಚಿದವರು ಇನ್ನೊಬ್ಬ ಅಮೆರಿಕನ್, ಲೈನಸ್ ಯೇಲ್ ಜೂನಿಯರ್. ಈಜಿಪ್ಟಿನ ಹಳೆಯ ಮರದ ಬೀಗಗಳಲ್ಲೂ ಬೀಳುವ ಪಿನ್ನುಗಳೇ ಇದ್ದವು. ಅದೇ ಬಗೆಯ ಯೋಚನೆಯಿಂದ 1860ರ ದಶಕದಲ್ಲಿ ಯೇಲ್ ಮಾಡಿದ್ದೇ ಚಪ್ಪಟೆ ಕೀಯ ಪಿನ್ ಬೀಗ. ನಮ್ಮ ಮೈಸೂರು ಮನೆಯ ಬಾಗಿಲಲ್ಲಿ ಇದ್ದದ್ದು ಅದರ ಸಂತತಿ. ಒಬ್ಬರ ಬೀಗವನ್ನು ಇನ್ನೊಬ್ಬರು ಬಿಚ್ಚುತ್ತಾ ಹೋದದ್ದರಿಂದಲೇ ಅದು ನಮ್ಮ ಬಾಗಿಲ ತನಕ ಬಂತು.

ಯಾವುದು ಗುಟ್ಟಾಗಿರಬೇಕು?

ಹಾಗಾದರೆ ಗುಟ್ಟೇ ಬೇಡವಾ? ಬೇಕು. ಯಾವುದನ್ನು ಗುಟ್ಟಾಗಿಡಬೇಕು ಎನ್ನುವುದೇ ಮುಖ್ಯ. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಮೇಷ್ಟ್ರು ಫ್ರಾನ್ಸಿನ ಒಂದು ಸೇನಾ ಪತ್ರಿಕೆಯಲ್ಲಿ ಸಂಕೇತ ಲಿಪಿಯ ಬಗ್ಗೆ ಬರೆದರು. ಅವರ ಒಂದು ನಿಯಮ ಇಂದಿಗೂ ಕಂಪ್ಯೂಟರ್ ಭದ್ರತೆಯ ಬುನಾದಿ. ಸಂಕೇತದ ಯಂತ್ರ, ಅದರ ವಿಧಾನ ಎಲ್ಲ ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆ ಆಗಬಾರದು. ಕೀ ಒಂದು ಗುಟ್ಟಾಗಿದ್ದರೆ ಸಾಕಾಗಬೇಕು.

ಯಾಕೆ ಹೀಗೆ? ಕೀ ಕಳೆದುಹೋದರೆ ಬದಲಾಯಿಸಬಹುದು. ಬೀಗದ ವಿನ್ಯಾಸವೇ ಗುಟ್ಟಾಗಿದ್ದು ಅದು ಹೊರಬಿದ್ದರೆ ಊರಿನ ಅಂಥ ಬೀಗಗಳೆಲ್ಲ ಒಟ್ಟಿಗೆ ಬಿದ್ದವು. ದೊಡ್ಡಮ್ಮನ ಕಡ್ಡಿಯ ಕಷ್ಟವೂ ಇದೇ. ಕಡ್ಡಿ ಇದೆ ಎಂದು ಗೊತ್ತಿದ್ದ ಕಳ್ಳ ಹೋಗುವಾಗ ಮತ್ತೆ ಸಿಕ್ಕಿಸಿಟ್ಟು ಹೋಗುತ್ತಾನೆ. ಅದಕ್ಕೆ ಅವರು ಕಡ್ಡಿ ಸಿಕ್ಕಿಸುವ ಜಾಗವನ್ನು ದಿನಾ ಬದಲಿಸುತ್ತಿದ್ದರು. ಒಂದು ದಿನ ಮೇಲಿನ ಸಂದಿ, ಒಂದು ದಿನ ಕೆಳಗಿನದು. ಇಂದಿನ ಜಾಗ ಯಾವುದು ಎನ್ನುವುದೇ ಅವರ ಕೀ.

ಗುಟ್ಟನ್ನು ತಪ್ಪು ಜಾಗದಲ್ಲಿ ಇಟ್ಟವರ ಕಥೆ ಎಷ್ಟೋ ಇವೆ. ಹಾಸ್ಟೆಲ್, ಹೋಟೆಲುಗಳಲ್ಲಿ ಪ್ರತಿ ಕೋಣೆಗೂ ಬೇರೆ ಕೀ ಇರುತ್ತದೆ. ಎಲ್ಲ ಕೋಣೆಗೂ ಆಗುವ ಒಂದು ಮಾಸ್ಟರ್ ಕೀ ಮ್ಯಾನೇಜರ್ ಹತ್ತಿರ ಇರುತ್ತದೆ. ಇದಕ್ಕಾಗಿ ಒಳಗಿನ ಪಿನ್ನನ್ನು ಇನ್ನೊಂದು ಕಡೆ ತುಂಡು ಮಾಡಿ, ಪ್ರತಿ ತೂತಿಗೂ ಎರಡು ‘ಸರಿ’ ಎತ್ತರ ಬರುವ ಹಾಗೆ ಮಾಡಿರುತ್ತಾರೆ. 2003ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮ್ಯಾಟ್ ಬ್ಲೇಜ್ ಒಂದು ವಿಷಯ ತೋರಿಸಿದರು. ತನ್ನ ಒಂದೇ ಕೋಣೆಯ ಕೀ ಮತ್ತು ಕೆಲವು ಖಾಲಿ ಕೀಗಳು ಇದ್ದವನು ಇಡೀ ಕಟ್ಟಡದ ಮಾಸ್ಟರ್ ಕೀ ಮಾಡಿಕೊಳ್ಳಬಹುದು. ನಾಲ್ಕು ಹಲ್ಲು ತನ್ನ ಕೀಯಂತೆಯೇ ಇಟ್ಟು, ಐದನೆಯದನ್ನು ಮಾತ್ರ ಬದಲಿಸುತ್ತಾ ತನ್ನ ಬಾಗಿಲಿಗೇ ಹಾಕಿ ನೋಡಬೇಕು. ಇನ್ನೊಂದು ಎತ್ತರಕ್ಕೂ ತೆರೆದರೆ ಅದು ಮಾಸ್ಟರ್ ಕೀಯ ಹಲ್ಲು. ನೋಡಿ, ಮತ್ತೆ ಒಂದೊಂದೇ. ಬೀಗದ ಕಸುಬಿನವರು ಸಿಟ್ಟಾದರು. ಇದು ನಮಗೆ ಯಾವಾಗಲೋ ಗೊತ್ತಿತ್ತು, ಹೊರಗೆ ಯಾಕೆ ಹೇಳಿದಿರಿ ಎಂದರು. ಅವರಿಗೆ ಗೊತ್ತಿತ್ತು. ಆ ಕೋಣೆಗಳಲ್ಲಿ ಮಲಗುತ್ತಿದ್ದವರಿಗೆ ಗೊತ್ತಿರಲಿಲ್ಲ.

ಮರುವರ್ಷ, 2004ರಲ್ಲಿ, ಅಮೆರಿಕದ ಹೆಸರಾಂತ ಸೈಕಲ್ ಬೀಗ ಕ್ರಿಪ್ಟೊನೈಟ್‌ನ ಸರದಿ. ದುಂಡು ಕೀ ಹಾಕುವ ಆ ಬೀಗದ ಬಾಯಿಗೆ ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ಒತ್ತಿ ತಿರುಗಿಸಿದರೆ ತೆರೆಯುತ್ತಿತ್ತು. ಇಂಟರ್ನೆಟ್‌ನಲ್ಲಿ ವಿಡಿಯೋ ಬಂತು, ಗದ್ದಲವಾಯಿತು. ಕಂಪನಿ ಲಕ್ಷಗಟ್ಟಲೆ ಬೀಗಗಳನ್ನು ಉಚಿತವಾಗಿ ಬದಲಿಸಿ ಕೊಡಬೇಕಾಯಿತು. ಅದು ಬರುವ ತನಕ ಸೈಕಲ್ ಇದ್ದವರು ಪೇಚಾಡಿದ್ದು ನಿಜ. ಭಾವನ ಮಾತು ಇಲ್ಲಿ ನಿಲ್ಲುತ್ತದೆ. ಆದರೆ ಇದೇ ಸಂಗತಿ 1992ರಲ್ಲೇ ಬ್ರಿಟನ್ನಿನ ಒಂದು ಸೈಕಲ್ ಪತ್ರಿಕೆಯಲ್ಲಿ ಬಂದಿತ್ತು. ಹೆಚ್ಚು ಜನ ಓದಲಿಲ್ಲ, ಸುದ್ದಿಯಾಗಲಿಲ್ಲ. ಹನ್ನೆರಡು ವರ್ಷ ಪೆನ್ನಿಗೆ ತೆರೆಯುವ ಬೀಗ ಮಾರಾಟವಾಗುತ್ತಲೇ ಇತ್ತು.

ಅಮೆರಿಕಕ್ಕೆ ಮಗಳ ಮನೆಗೋ ಮಗನ ಮನೆಗೋ ಹೋಗಿಬಂದವರಿಗೆ ಟಿಎಸ್ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಬೀಗ ಗೊತ್ತಿರುತ್ತದೆ. ವಿಮಾನ ನಿಲ್ದಾಣದ ಸಿಬ್ಬಂದಿ ಸೂಟ್‌ಕೇಸಿನ ಬೀಗ ಒಡೆಯದೆ, ತಮ್ಮ ಹತ್ತಿರ ಇರುವ ಮಾಸ್ಟರ್ ಕೀಯಿಂದ ತೆರೆದು ನೋಡುತ್ತಾರೆ. 2014ರಲ್ಲಿ ಒಂದು ಪತ್ರಿಕೆಯಲ್ಲಿ ಆ ಕೀಗಳ ಸ್ಪಷ್ಟ ಫೋಟೋ ಅಚ್ಚಾಯಿತು. ಮರುವರ್ಷ ಯಾರೋ ಅದನ್ನು ನೋಡಿ ಅಳತೆ ತೆಗೆದರು. 3ಡಿ ಪ್ರಿಂಟರಿನಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳುವ ಹಾಗೆ ಆ ಕೀಗಳ ನಕ್ಷೆ ಎಲ್ಲೆಡೆ ಹರಡಿತು. ಬೀಗದಕೈ ಎಂದರೆ ಕೊನೆಗೆ ಹಲ್ಲುಗಳ ಎತ್ತರ ಹೇಳುವ ಐದಾರು ಅಂಕಿ, ಅಷ್ಟೇ. ಫೋಟೋ ಸಿಕ್ಕರೆ ಕೀ ಸಿಕ್ಕಂತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು 2008ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಸುಮಾರು 195 ಅಡಿ ದೂರದಿಂದ ದೊಡ್ಡ ಲೆನ್ಸಿನಲ್ಲಿ ತೆಗೆದ ಫೋಟೋ ನೋಡಿ ಕೀಯ ಅಳತೆ ಹೇಳಿದ್ದರು. ಗೃಹಪ್ರವೇಶದ ದಿನ ಹೊಸ ಮನೆಯ ಕೀ ಕೈಯಲ್ಲಿ ಹಿಡಿದು ಫೋಟೋ ತೆಗೆಸಿ ಸ್ಟೇಟಸ್ಸಿಗೆ ಹಾಕುತ್ತೇವಲ್ಲ, ದಯವಿಟ್ಟು ಹಲ್ಲುಗಳು ಕಾಣದ ಹಾಗೆ ಮುಷ್ಟಿಯೊಳಗೆ ಹಿಡಿಯಿರಿ.

ಬದಲಾಯಿಸಲಾಗದ ಕೀ

ಈ ಮಾತು ನಮ್ಮ ಮನೆಗಳ ಹತ್ತಿರಕ್ಕೇ ಬಂದದ್ದು ಹೆಬ್ಬೆಟ್ಟಿನ ವಿಷಯದಲ್ಲಿ. ಆಧಾರ್ ಮೂಲಕ ದುಡ್ಡು ತೆಗೆಯುವ ಎಇಪಿಎಸ್ ಎಂಬ ವ್ಯವಸ್ಥೆ ಇದೆ. ಬ್ಯಾಂಕ್ ದೂರ ಇರುವ ಹಳ್ಳಿಯವರಿಗೆ ಅದರಿಂದ ದೊಡ್ಡ ಉಪಕಾರ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಆಯಿತು. ಓಟಿಪಿ ಬೇಡ, ಪಿನ್ ಬೇಡ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆ ದುಡ್ಡು ಹೋದ ದೂರುಗಳು ಬಂದವು. ನೋಂದಣಿ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇರುತ್ತದೆ, ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಅಂಥ ಗುರುತಿನಿಂದ ನಕಲಿ ಬೆರಳು ಮಾಡಿ ಯಂತ್ರಕ್ಕೆ ಒತ್ತಬಹುದು.

ಕೆರ್ಕ್‌ಹಾಫ್ಸ್ ಮೇಷ್ಟ್ರ ಕಣ್ಣಿನಿಂದ ಇದನ್ನು ನೋಡಿ. ಬೆರಳಚ್ಚು ಗುಟ್ಟಲ್ಲ. ಲೋಟದ ಮೇಲೆ, ಬಾಗಿಲ ಮೇಲೆ, ಪತ್ರದ ಮೇಲೆ ಎಲ್ಲೆಂದರಲ್ಲಿ ಬಿಟ್ಟುಹೋಗುತ್ತೇವೆ. ಒಮ್ಮೆ ನಕಲಾದರೆ ಬದಲಾಯಿಸಲೂ ಆಗುವುದಿಲ್ಲ. ಇರುವುದೇ ಹತ್ತು ಬೆರಳು. ಅಂದರೆ ಇದು ಒಳ್ಳೆಯ ಹೆಸರು, ಆದರೆ ಕೆಟ್ಟ ಕೀ. ‘ಇವರು ಯಾರು’ ಎಂದು ಹೇಳಲು ಸರಿ. ಅದೊಂದನ್ನೇ ನೋಡಿ ತಿಜೋರಿ ತೆರೆಯುವುದು ಸರಿಯಲ್ಲ.

ಆಗ ಪತ್ರಿಕೆಗಳು ಇದನ್ನು ವಿವರವಾಗಿ ಬರೆದವು. ಹೇಗೆ ಮಾಡುತ್ತಾರೆ ಎಂಬುದನ್ನೂ ಬರೆದವು. ಅದನ್ನು ಓದಿದ ಮೇಲೆಯೇ ನನ್ನಂಥವರಿಗೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬುದೊಂದು ಇದೆ ಎಂದು ಗೊತ್ತಾದದ್ದು. ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ವೆಬ್‌ಸೈಟಿನಲ್ಲೋ ಆಧಾರ್ ಆ್ಯಪಿನಲ್ಲೋ ಒಮ್ಮೆ ಲಾಕ್ ಮಾಡಿದರೆ ಬೆರಳಚ್ಚು ಕೆಲಸ ಮಾಡುವುದಿಲ್ಲ. ಬೇಕಾದಾಗ ತೆರೆದುಕೊಳ್ಳಬಹುದು. ನೋಂದಣಿ ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡಲು ಸರ್ಕಾರವೂ ಮುಂದಾಯಿತು. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಇವೆರಡೂ ಆಗುತ್ತಿರಲಿಲ್ಲ ಎಂದು ಭಾವನಿಗೆ ಹೇಳಿದೆ. ಅವರು ಅಂದೇ ಸಂಜೆ ಅಕ್ಕನದೂ ತಮ್ಮದೂ ಲಾಕ್ ಮಾಡಿದರು.

ಹೇಳುವುದಕ್ಕೂ ಒಂದು ಕ್ರಮ ಇದೆ. ತಪ್ಪು ಕಂಡುಹಿಡಿದವರು ಮೊದಲು ಅದನ್ನು ಮಾಡಿದವರಿಗೆ ತಿಳಿಸಬೇಕು. ಸರಿಪಡಿಸಲು ಹೊತ್ತು ಕೊಡಬೇಕು. ಗೂಗಲ್‌ನಲ್ಲಿ 2014ರಲ್ಲಿ ಶುರುವಾದ, ಸಾಫ್ಟ್‌ವೇರ್‌ನ ಭದ್ರತಾ ತಪ್ಪುಗಳನ್ನು ಹುಡುಕುವ ಪ್ರಾಜೆಕ್ಟ್ ಝೀರೋ ತಂಡದವರು 90 ದಿನ ಎಂದು ಗಡುವು ಇಟ್ಟುಕೊಂಡರು. ಗಡುವು ಇಲ್ಲದಿದ್ದರೆ ‘ನೋಡೋಣ, ಮಾಡೋಣ’ ಎನ್ನುತ್ತಲೇ ವರ್ಷ ಕಳೆಯುತ್ತದೆ. ನಮ್ಮಲ್ಲಿ ಇಂಥದ್ದನ್ನು ತಿಳಿಸಲು ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆ ಇದೆ. ಇನ್ನೊಂದು ಮಾತು, ಬೇರೆಯವರ ಬೀಗದ ಮೇಲೆ ಕೈಯಾಡಿಸುವಂತಿಲ್ಲ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದು 2000ದ ಐಟಿ ಕಾಯ್ದೆಯ ಪ್ರಕಾರ ತಪ್ಪು. ‘ಪರೀಕ್ಷೆ ಮಾಡುತ್ತಿದ್ದೆ’ ಎಂದರೆ ನಡೆಯುವುದಿಲ್ಲ.

ನಮ್ಮ ಬೀಗದ ಕಥೆ ಬಾಕಿ ಉಳಿಯಿತು. ಮುಂದಿನ ವಾರ ಅದೇ ರಿಪೇರಿಯವರನ್ನು ಕರೆಸಿ, ಇದಕ್ಕಿಂತ ಗಟ್ಟಿಯದು ಹಾಕಿಕೊಡಿ ಎಂದೆ. ಅವರು ಹೊಸ ಸಿಲಿಂಡರ್ ತಂದಿದ್ದರು. ಹಾಕುವ ಮುಂಚೆ ಬಿಚ್ಚಿ ಅದರ ಮೇಲಿನ ಪಿನ್ನೊಂದನ್ನು ನನ್ನ ಅಂಗೈ ಮೇಲೆ ಇಟ್ಟರು. ಅಕ್ಕಿಕಾಳಿನಷ್ಟು ಗಾತ್ರ. ಆದರೆ ಹಳೆಯದರಂತೆ ನೇರ ಇರಲಿಲ್ಲ. ನಡು ಸಣ್ಣ, ಎರಡೂ ತುದಿ ದಪ್ಪ, ಪುಟ್ಟ ಡಮರುವಿನ ಹಾಗೆ. ಕಡ್ಡಿಯಿಂದ ಎತ್ತುವಾಗ ಆ ಸಣ್ಣ ನಡು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಉರುಳೆ ಚೂರು ತಿರುಗುತ್ತದೆ. ಬಿಚ್ಚುವವನಿಗೆ ಸರಿಯಾಯಿತು ಎನಿಸುತ್ತದೆ, ಆದರೆ ಸರಿಯಾಗಿರುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಹಿಡಿತ ಸಡಿಲಿಸಬೇಕು. ಸಡಿಲಿಸಿದರೆ ಅಲ್ಲಿಯವರೆಗೆ ಕೂರಿಸಿದ್ದ ಬೇರೆ ಪಿನ್ನುಗಳು ಕೆಳಗೆ ಬೀಳುತ್ತವೆ. ಲೋಹ ಅರ್ಧ ಉತ್ತರ ಹೇಳುವುದನ್ನು ತಪ್ಪಿಸಲು ಆಗದಿದ್ದರೆ, ಸುಳ್ಳು ಉತ್ತರ ಹೇಳಿಸುವ ಉಪಾಯ ಇದು.

“ಇದನ್ನು ನಿಮಗೆ ತೆರೆಯೋಕೆ ಆಗಲ್ವಾ?” ಎಂದು ಕೇಳಿದೆ. ನೋಡೋಣ ಎಂದು ಮೆಟ್ಟಿಲ ಮೇಲೆ ಕೂತರು. ನಾನು ಕಾಫಿ ಮಾಡಿ ತಂದೆ. ಕಾಫಿ ಪಕ್ಕದಲ್ಲೇ ಆರಿತು. ಅಂತೂ ಬಾಗಿಲು ತೆರೆದಾಗ ಗಡಿಯಾರ ನೋಡಿದೆ. ಮೊದಲಿನದಕ್ಕೆ ನಾಲ್ಕು ನಿಮಿಷ ಹಿಡಿದಿತ್ತು. ಇದಕ್ಕೆ ಇಪ್ಪತ್ತೆರಡು.